ಪೊರಕೆಗೇ ಚೊಕ್ಕವಾಗುವ ಅಂಗಳ: ಹಿತ್ತಲಿಗೆ ಕಡಿಮೆ ಆರೈಕೆಯ ನೆಲಹಾಸನ್ನು ಆರಿಸುವ ಕ್ರಮ

ಕೋಲಾರದಂತಹ ಊರಿನಲ್ಲಿ ಅಂಗಳದ ನೆಲ ಎಷ್ಟು ಆರೈಕೆ ಬೇಡುತ್ತದೆ ಎಂಬುದನ್ನು ಬಕೆಟ್ಟಿನ ಲೆಕ್ಕದಲ್ಲಿ ಅಳೆಯಬೇಕು. ವರ್ಷವಿಡೀ ಹರಿಯುವ ನದಿಯಿಲ್ಲದ, ಸುಮಾರು 700 ಮಿಲಿಮೀಟರ್ ಮಳೆಯನ್ನೇ ನೆಚ್ಚಿಕೊಂಡ, ಆಳದ ಬೋರ್‌ವೆಲ್ಲಿನ ಗಡಸು ನೀರನ್ನೋ ಟ್ಯಾಂಕರ್ ನೀರನ್ನೋ ಸಂಪಿಗೆ ತುಂಬಿಸಿಕೊಳ್ಳುವ ಮನೆಯಲ್ಲಿ, ದಿನಕ್ಕೆ ನಾಲ್ಕು ಬಕೆಟ್ ನೀರು ಸುರಿದು ಉಜ್ಜಿದರೆ ಮಾತ್ರ ಚೊಕ್ಕವಾಗಿ ಕಾಣುವ ನೆಲ ಎಷ್ಟೇ ಗಟ್ಟಿಯಾಗಿದ್ದರೂ ಅದು ಕಡಿಮೆ ಆರೈಕೆಯ ನೆಲವಲ್ಲ. ಆದ್ದರಿಂದ ಈ ಬರಹದಲ್ಲಿ ನಾನು ಇಟ್ಟುಕೊಂಡಿರುವ ಅಳತೆಗೋಲು ಒಂದೇ. ಕಡ್ಡಿ ಪೊರಕೆಯಲ್ಲಿ ಗುಡಿಸಿದರೆ ದಿನದ ಕೆಲಸ ಮುಗಿಯಬೇಕು, ನೀರು ಹಾಕಿ ತೊಳೆಯುವುದು ಹಬ್ಬಕ್ಕೋ ತಿಂಗಳಿಗೊಮ್ಮೆಯೋ ಸಾಕಾಗಬೇಕು.

ಅಂಗಡಿಗೆ ಹೋಗಿ ಮಾದರಿಗಳನ್ನು ನೋಡುವುದು ಈ ಕೆಲಸದ ಮೊದಲ ಹೆಜ್ಜೆಯಲ್ಲ, ಮೂರನೆಯದು. ಬಹಳಷ್ಟು ಜನ ಅಲ್ಲಿಂದಲೇ ಆರಂಭಿಸುತ್ತಾರೆ, ಬಣ್ಣ ನೋಡಿ ಮುಂಗಡ ಕೊಟ್ಟು ಬರುತ್ತಾರೆ. ನಾನೂ ಒಮ್ಮೆ ಹಾಗೆಯೇ ಮಾಡಿದವನು.

ಮೊದಲ ಹೆಜ್ಜೆ: ಅಂಗಳವನ್ನು ಒಂದು ವಾರ ನೋಡುವುದು

ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಐದಕ್ಕೆ ಬಿಸಿಲು ಎಲ್ಲೆಲ್ಲಿ ಬೀಳುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಗುರುತಿಸಿಕೊಳ್ಳಿ. ಮನೆಯ ಉತ್ತರಕ್ಕೋ ಎತ್ತರದ ಕಾಂಪೌಂಡಿನ ನೆರಳಿಗೋ ಸಿಕ್ಕಿ ಇಡೀ ದಿನ ಬಿಸಿಲು ಕಾಣದ ಜಾಗದಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಮಳೆಗೆ ಪಾಚಿ ಕಟ್ಟುತ್ತದೆ. ಅಲ್ಲಿ ನುಣುಪಾದ ಯಾವ ಹಾಸೂ ಸಲ್ಲದು. ಪಡುವಣ ಬಿಸಿಲಿಗೆ ಮೈಯೊಡ್ಡಿದ ಜಾಗದಲ್ಲಿ ಕಪ್ಪು ಕಲ್ಲು ಹಾಸಿದರೆ ಏಪ್ರಿಲ್ ತಿಂಗಳಲ್ಲಿ ಬರಿಗಾಲಿನಲ್ಲಿ ಬಟ್ಟೆ ಒಣಹಾಕಲು ಹೋಗುವುದೇ ಕಷ್ಟವಾಗುತ್ತದೆ.

ಆಮೇಲೆ ನೀರನ್ನು ನೋಡಿ. ಮಳೆ ಬಂದಾಗ ಕೊಡೆ ಹಿಡಿದು ಹೊರಗೆ ನಿಂತರೆ ಒಳ್ಳೆಯದು. ಮಳೆಗಾಲ ದೂರವಿದ್ದರೆ ನಾಲ್ಕು ಬಿಂದಿಗೆ ನೀರು ಸುರಿದು ಅದು ಎತ್ತ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಗಮನಿಸಬಹುದು. ನೀರು ಮನೆಯ ಗೋಡೆಯ ಕಡೆಗೆ ಹರಿದು ಬರುತ್ತಿದ್ದರೆ ಆ ದೋಷವನ್ನು ಯಾವ ನೆಲಹಾಸೂ ಮುಚ್ಚಿಹಾಕುವುದಿಲ್ಲ. ಮಟ್ಟವನ್ನು ಸರಿಪಡಿಸಿದ ಮೇಲೆಯೇ ಮುಂದಿನ ಮಾತು.

ಮೂರನೆಯದು, ನೆಲದ ಮೇಲೆ ಏನೇನು ಬೀಳುತ್ತದೆ ಎಂಬ ಪಟ್ಟಿ. ಇದನ್ನು ಮನೆಯ ಗಂಡಸರು ಬರೆದರೆ ಸಾಮಾನ್ಯವಾಗಿ ಸ್ಕೂಟರ್ ಮತ್ತು ಕಾರು ಎಂಬೆರಡು ಪದಗಳಿಗೆ ನಿಂತುಬಿಡುತ್ತದೆ. ಅಮ್ಮನನ್ನೋ ಅಜ್ಜಿಯನ್ನೋ ಕೇಳಿದರೆ ನಿಜವಾದ ಪಟ್ಟಿ ಹೊರಬರುತ್ತದೆ: ಬೇಸಿಗೆಯಲ್ಲಿ ಒಣಹಾಕುವ ಹುಣಸೆಹಣ್ಣು, ಮೆಣಸಿನಕಾಯಿ, ಸಂಡಿಗೆ, ಸುಗ್ಗಿಯಲ್ಲಿ ಬರುವ ರಾಗಿ ಮೂಟೆ, ಮಾವಿನಕಾಯಿಯ ಸೊನೆ, ಹಲಸಿನ ಅಂಟು, ಬೇವಿನ ಮರದ ಹಣ್ಣು, ಹಕ್ಕಿಯ ಹಿಕ್ಕೆ, ನೀರೊಲೆಯ ಬೂದಿ, ಪಾತ್ರೆ ತೊಳೆಯುವ ಸೋಪಿನ ನೀರು, ತುಳಸಿಕಟ್ಟೆಯ ಮುಂದೆ ಎಣ್ಣೆದೀಪ ಮತ್ತು ರಂಗೋಲಿ. ರಂಗೋಲಿಯನ್ನು ಹಗುರವಾಗಿ ಕಾಣಬೇಡಿ. ಪ್ರತಿ ಆರಿಂಚಿಗೆ ಒಂದು ಸಂದಿಯಿರುವ ಇಂಟರ್‌ಲಾಕ್ ಇಟ್ಟಿಗೆಯ ಮೇಲೆ ಎಳೆ ಕಡಿಯದೆ ಚುಕ್ಕಿ ರಂಗೋಲಿ ಬಿಡಿಸುವುದು ಎಷ್ಟು ಕಷ್ಟ ಎಂಬುದು ದಿನವೂ ಬಿಡಿಸುವವರಿಗೆ ಗೊತ್ತು.

ಎರಡನೆಯ ಹೆಜ್ಜೆ: ಮಟ್ಟ, ಮುಚ್ಚಳ, ಮರ

ನೆಲಹಾಸಿನ ಮೇಲ್ಮೈ ಮನೆಯ ಪಾಯದ ಮೇಲಿನ ತೇವ ತಡೆಯುವ ಕಾಂಕ್ರೀಟ್ ಪಟ್ಟಿಗಿಂತ ಕನಿಷ್ಠ 6 ಇಂಚು ಕೆಳಗಿರಬೇಕು. ಹಳೆಯ ನೆಲದ ಮೇಲೆಯೇ ಮತ್ತೊಂದು ಪದರ ಹಾಕುತ್ತಾ ಹೋದ ಮನೆಗಳಲ್ಲಿ ಈ ಅಂತರ ಕರಗಿಹೋಗಿ, ಗೋಡೆಯ ಬುಡದಲ್ಲಿ ಸುಣ್ಣ ಉದುರುವುದನ್ನು ಕಾಣುತ್ತೇವೆ. ಸಂಪಿನ ಮುಚ್ಚಳ, ಚೇಂಬರ್, ಬೋರ್‌ವೆಲ್ ಪೈಪು, ಯುಜಿಡಿ ಅಂದರೆ ಒಳಚರಂಡಿಯ ಸಂಪರ್ಕ ಇವೆಲ್ಲ ಎಲ್ಲೆಲ್ಲಿವೆ ಎಂಬುದನ್ನು ಅಳತೆ ಸಮೇತ ಬರೆದಿಟ್ಟುಕೊಂಡು, ಅವುಗಳ ಮೇಲೆ ಬರುವ ಹಾಸನ್ನು ಒಡೆಯದೆ ತೆಗೆಯುವಂತಿರಬೇಕು ಎಂದು ಮೊದಲೇ ತೀರ್ಮಾನಿಸಿ. ಮರವಿದ್ದರೆ ಬುಡದ ಸುತ್ತ ಕನಿಷ್ಠ 3 ಅಡಿ ಮಣ್ಣನ್ನು ಹಾಗೆಯೇ ಬಿಡುವುದು ಮರಕ್ಕೂ ಒಳಿತು, ಬೇರು ಎತ್ತಿ ಒಡೆಯಬಹುದಾದ ಹಾಸಿಗೂ ಒಳಿತು.

ಮೂರನೆಯ ಹೆಜ್ಜೆ: ಮಾದರಿಯನ್ನು ಮನೆಗೆ ತಂದು ಪರೀಕ್ಷಿಸುವುದು

ಅಂಗಡಿಯವರು ಒಂದೊಂದು ತುಂಡನ್ನು ಕೊಡುತ್ತಾರೆ. ಕೊಡದಿದ್ದರೆ ಹಣ ಕೊಟ್ಟೇ ತನ್ನಿ. ನಾಲ್ಕು ಪರೀಕ್ಷೆಗಳು ಸಾಕು, ಯಾವ ಉಪಕರಣವೂ ಬೇಡ.

ನಿಂಬೆರಸದ ನಾಲ್ಕು ಹನಿಯನ್ನು ಕಲ್ಲಿನ ಮೇಲೆ ಬಿಟ್ಟು ಹತ್ತು ನಿಮಿಷದ ನಂತರ ಒರೆಸಿ. ಅಲ್ಲಿ ಮಂಕಾದ ಕಲೆ ಉಳಿದರೆ ಅದು ಸುಣ್ಣದ ಅಂಶವುಳ್ಳ ಕಲ್ಲು. ಹುಣಸೆಹಣ್ಣು ಒಣಗಿಸುವ, ಆಸಿಡ್ ಹಾಕಿ ಉಜ್ಜುವ ಮನೆಗೆ ಅದು ಬೇಡ. ಎರಡನೆಯದಾಗಿ, ಪಾಲಿಶ್ ಇಲ್ಲದ ಹಿಂಬದಿಯ ಮೇಲೆ ಒಂದು ಚಮಚ ನೀರು ಹಾಕಿ, ಹತ್ತು ನಿಮಿಷದಲ್ಲಿ ಎಷ್ಟು ಕಪ್ಪಾಗುತ್ತದೆ ನೋಡಿ. ಹೆಚ್ಚು ಹೀರುವ ಕಲ್ಲು ಎಣ್ಣೆಯನ್ನೂ ಹಾಗೆಯೇ ಹೀರುತ್ತದೆ. ಮೂರನೆಯದಾಗಿ, ತುಂಡನ್ನು ನೆಲದ ಮೇಲಿಟ್ಟು ಸೋಪಿನ ನೀರು ಸವರಿ, ಸವೆದ ಹವಾಯಿ ಚಪ್ಪಲಿಯನ್ನು ಕೈಯಲ್ಲಿ ಒತ್ತಿಹಿಡಿದು ಎಳೆಯಿರಿ. ಸಲೀಸಾಗಿ ಜಾರಿದರೆ ಆ ಮಾದರಿಯ ಕಥೆ ಅಲ್ಲಿಗೆ ಮುಗಿಯಿತು. ವಯಸ್ಸಾದವರಿರುವ ಮನೆಯಲ್ಲಿ ಈ ಒಂದು ಪರೀಕ್ಷೆಯಲ್ಲಿ ರಾಜಿ ಮಾಡಿಕೊಳ್ಳಬಾರದು. ಕೊನೆಯದಾಗಿ, ಎಲ್ಲ ತುಂಡುಗಳನ್ನೂ ಮಧ್ಯಾಹ್ನದವರೆಗೆ ಬಿಸಿಲಿನಲ್ಲಿಟ್ಟು ಎರಡು ಗಂಟೆಗೆ ಒಂದೊಂದರ ಮೇಲೂ ಬರಿಗಾಲಿಡಿ. ಯಾವ ಬಣ್ಣ ಬೇಕೆಂಬುದನ್ನು ಆಗ ಅಂಗಾಲು ಹೇಳುತ್ತದೆ.

ಇದರೊಂದಿಗೆ ನಿಮ್ಮ ಮನೆಯ ನೀರನ್ನೇ ಒಂದೆರಡು ಬಾರಿ ಚಿಮುಕಿಸಿ ಒಣಗಲು ಬಿಡಿ. ಬೋರ್‌ವೆಲ್ ನೀರಿನ ಲವಣ ಕಪ್ಪು ಕಲ್ಲಿನ ಮೇಲೆ ಬಿಳಿ ಹೊಪ್ಪಳಿಕೆಯಾಗಿ ನಿಲ್ಲುತ್ತದೆ. ಬೂದು ಬಣ್ಣದ ಒರಟು ಕಲ್ಲಿನ ಮೇಲೆ ಅದು ಕಣ್ಣಿಗೆ ಬೀಳುವುದೇ ಕಡಿಮೆ.

ನಾಲ್ಕನೆಯ ಹೆಜ್ಜೆ: ಒಂದೊಂದನ್ನೂ ತೂಗಿ ನೋಡುವುದು

ಊರ ಕಲ್ಲಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನನ್ನ ಮತ ಅದರ ಕಡೆಗಿದೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಬಂಡೆ ಬಹುಪಾಲು ಪೆನಿನ್ಸುಲರ್ ನೈಸ್ ಎಂಬ ಪಟ್ಟೆಪಟ್ಟೆಯ ಶಿಲೆ ಮತ್ತು ಗ್ರಾನೈಟ್. ತುಮಕೂರಿನ ದೇವರಾಯನದುರ್ಗ, ಮಧುಗಿರಿಯ ಕಡೆ ಹಾದುಹೋಗುವುದು ರಾಮನಗರದ ಹಳೆಯ ಹೆಸರನ್ನು ಹೊತ್ತ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿ. ಇವುಗಳಲ್ಲಿ ಮುಖ್ಯವಾಗಿ ಇರುವುದು ಸ್ಫಟಿಕಶಿಲೆ ಮತ್ತು ಫೆಲ್ಡ್‌ಸ್ಪಾರ್ ಎಂಬ ಖನಿಜಗಳು. ಅವು ಹುಣಸೆಗೂ ನಿಂಬೆಗೂ ಬಗ್ಗುವುದಿಲ್ಲ, ನೀರನ್ನು ಹೀರುವುದು ಅತ್ಯಲ್ಪ, ಸವೆಯುವುದು ತೀರ ನಿಧಾನ. ದ್ರಾಕ್ಷಿ ತೋಟಕ್ಕೆ ಕಲ್ಲುಕಂಬ ನೆಟ್ಟು, ಮನೆಯ ಮಾಳಿಗೆಗೂ ಚಪ್ಪಡಿಯನ್ನೇ ಹೊದಿಸಿದ ಸೀಮೆ ಇದು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಇಂದಿಗೂ ಶಿಲ್ಪಿಗಳು ಉಳಿ ಹಿಡಿದು ಕೂತಿದ್ದಾರೆ. ಹೀಗಿರುವಾಗ ದೂರದ ರಾಜ್ಯದ ಕಲ್ಲನ್ನು ಲಾರಿಯಲ್ಲಿ ತರಿಸುವುದಕ್ಕೆ ಬಲವಾದ ಕಾರಣ ಬೇಕು.

ಆದರೆ ಗ್ರಾನೈಟ್ ಎಂದೊಡನೆ ಅಂಗಡಿಯವರು ಕನ್ನಡಿಯಂತೆ ಹೊಳೆಯುವ ಫಲಕವನ್ನು ತೋರಿಸುತ್ತಾರೆ. ಅದು ಅಡುಗೆಮನೆಯ ಕಟ್ಟೆಗೆ ಸರಿ, ತೆರೆದ ಅಂಗಳಕ್ಕೆ ಅಪಾಯ. ಅಂಗಳಕ್ಕೆ ಬೇಕಾದುದು ಉಳಿ ಹೊಡೆದ ಚಪ್ಪಡಿ, ಇಲ್ಲವೇ ಯಂತ್ರದಲ್ಲಿ ಕೊಯ್ದು ಬೆಂಕಿಯ ಜ್ವಾಲೆಯಿಂದ ಮೇಲ್ಮೈಯನ್ನು ಒರಟು ಮಾಡಿದ ಫ್ಲೇಮ್ಡ್ ಕಲ್ಲು. ದೇವನಹಳ್ಳಿ ಕಡೆಯ ಸಾದರಹಳ್ಳಿ ಕಲ್ಲೆಂದು ಮಾರುವ ತಿಳಿಬೂದು ಕಲ್ಲು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಬಿಸಿಲಿಗೆ ಹೆಚ್ಚು ಕಾಯುವುದಿಲ್ಲ, ಧೂಳು ಕಾಣಿಸುವುದಿಲ್ಲ, ರಂಗೋಲಿಯ ಬಿಳಿ ಎದ್ದು ತೋರುತ್ತದೆ. 2 ಇಂಚು ದಪ್ಪದ, 3 ಅಡಿಗೆ 2 ಅಡಿಯ ಒಂದು ಚಪ್ಪಡಿ ಸುಮಾರು 75 ಕಿಲೋ ತೂಗುತ್ತದೆ. ಎತ್ತಲು ಇಬ್ಬರು ಬೇಕೆಂಬುದು ತೊಂದರೆಯಂತೆ ಕಂಡರೂ, ಆ ತೂಕವೇ ಅದರ ಗುಣ. ಗಾರೆಯಿಲ್ಲದೆ ಬರಿಯ ಮರಳಿನ ಹಾಸಿನ ಮೇಲೆ ಕೂರಿಸಿದರೂ ಅದು ಸುಲಭಕ್ಕೆ ಅಲ್ಲಾಡುವುದಿಲ್ಲ. ಕೆಳಗಿನ ಪೈಪು ಸೋರಿದ ದಿನ ಹಾರೆ ಹಾಕಿ ಎತ್ತಿ, ರಿಪೇರಿ ಮುಗಿಸಿ, ಅದೇ ಕಲ್ಲನ್ನು ಅದೇ ಜಾಗದಲ್ಲಿ ಇಡಬಹುದು. ನಮ್ಮ ಬೀದಿಯಲ್ಲಿ ಟೈಲ್ಸ್ ಹಾಕಿದ ಮನೆಯೊಂದರಲ್ಲಿ ಸಂಪಿನ ಪೈಪಿಗಾಗಿ ಹನ್ನೊಂದು ಟೈಲ್ಸ್ ಒಡೆದರು, ಅದೇ ಬಣ್ಣದ ಟೈಲ್ಸ್ ಮತ್ತೆ ಸಿಗದೆ ನೆಲದ ನಡುವೆ ಇಂದಿಗೂ ತೇಪೆ ಹಾಕಿದಂತಿದೆ.

ಕಲ್ಲು ಕೊಳ್ಳುವಾಗ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ನೋಡಿ. ಗಂಟೆಯಂತೆ ನುಡಿದರೆ ಒಳಗೆ ಬಿರುಕಿಲ್ಲ. ಬೊದ್ದು ಸದ್ದು ಬಂದರೆ ಬದಿಗಿಡಿ. ತುಕ್ಕಿನ ಬಣ್ಣದ ಚುಕ್ಕೆಗಳಿರುವ ಕಲ್ಲಿನಲ್ಲಿ ಕಬ್ಬಿಣದ ಅಂಶವಿರುವುದರಿಂದ ಮಳೆಗೆ ಆ ಕಲೆ ಹರಡುವ ಸಾಧ್ಯತೆಯಿದೆ. ಬೆಲೆಯನ್ನು ಚದರಡಿಗೆ ಹೇಳುತ್ತಾರೆ. ಅಂಚು ಕೊಯ್ಯುವುದು, ಲೋಡಿಂಗ್, ಬಾಡಿಗೆ ಅದರಲ್ಲಿ ಸೇರಿದೆಯೇ ಎಂದು ಕೇಳಿಯೇ ಒಪ್ಪಿಕೊಳ್ಳಿ.

ಇನ್ನು ಕಡಪ, ಶಹಾಬಾದ್, ತಾಂಡೂರು, ಕೋಟಾ. ಹೆಸರು, ಊರು, ಬಣ್ಣ ಬೇರೆಯಾದರೂ ಇವು ನಾಲ್ಕೂ ಸುಣ್ಣಕಲ್ಲಿನ ಕುಲದವು. ಮನೆಯೊಳಗೆ ತಂಪಾಗಿ, ಅಂದವಾಗಿ, ದಶಕಗಟ್ಟಲೆ ಬಾಳುತ್ತವೆ. ಬಯಲಿನಲ್ಲಿ ಮಾತ್ರ ಬಿಸಿಲು ಮಳೆಗೆ ಪದರ ಪದರವಾಗಿ ಏಳುವುದುಂಟು, ಕಪ್ಪು ಕಡಪ ಕಾಲಕ್ರಮೇಣ ಮಾಸಲು ಬೂದಿಗೆ ತಿರುಗುತ್ತದೆ. ನಾನು ಮೊದಲು ಹಿತ್ತಲಿಗೆ ಹಾಸಿದ್ದು ಕಡಪ ಕಲ್ಲನ್ನೇ. ಗಡಸು ನೀರಿನ ಬಿಳಿ ಕಲೆ ತೆಗೆಯುತ್ತೇನೆಂದು ಬಚ್ಚಲಿಗೆ ಹಾಕುವ ಆಸಿಡ್ಡನ್ನು ಸುರಿದು ಉಜ್ಜಿದೆ. ಕಲ್ಲು ನೊರೆಯೆದ್ದಿತು, ಕಲೆ ಹೋಯಿತು, ಅದರೊಂದಿಗೆ ಕಲ್ಲಿನ ಮೇಲ್ಮೈಯೂ ಹೋಯಿತು. ಮುಂದೆ ಆ ಒರಟಾದ ಜಾಗವೇ ಇನ್ನಷ್ಟು ಕೊಳೆ ಹಿಡಿಯಿತು. ತಪ್ಪು ಕಲ್ಲಿನದಲ್ಲ, ನನ್ನದು. ನೆರಳಿರುವ, ಮಾಡಿನ ಕೆಳಗಿನ ಜಗಲಿಗೆ ಪಾಲಿಶ್ ಮಾಡದ ಕೋಟಾ ಅಥವಾ ಶಹಾಬಾದ್ ಕಲ್ಲನ್ನು ನಾನು ಇಂದೂ ಶಿಫಾರಸು ಮಾಡುತ್ತೇನೆ, ಆಸಿಡ್ ಬಾಟಲಿಯನ್ನು ಮನೆಯಿಂದ ಹೊರಗಿಡುವುದಾದರೆ.

ಇಂಟರ್‌ಲಾಕ್ ಸಿಮೆಂಟ್ ಇಟ್ಟಿಗೆ, ಅಂದರೆ ಪೇವರ್, ಇಂದು ಪ್ರತಿ ಪಟ್ಟಣದಲ್ಲೂ ಸಿಗುತ್ತದೆ. ಒಂದು ಒಡೆದರೆ ಒಂದನ್ನೇ ಬದಲಿಸಬಹುದು, ಕಾಲು ಜಾರುವುದಿಲ್ಲ. ನಡೆದಾಡುವುದಕ್ಕೆ, ಸ್ಕೂಟರಿಗೆ, ಮನೆಯ ಕಾರಿಗೆ 60 ಮಿಲಿಮೀಟರ್ ದಪ್ಪ ಸಾಕು. ಲೋಡ್ ತುಂಬಿದ ವಾಹನ ಒಳಗೆ ಬರುವುದಾದರೆ 80 ಮಿಲಿಮೀಟರ್ ಬೇಕು. ಯಂತ್ರದಲ್ಲಿ ಒತ್ತಿ ಮಾಡಿದ ಪೇವರ್ ಮತ್ತು ರಬ್ಬರ್ ಅಚ್ಚಿನಲ್ಲಿ ಹೊಯ್ದ ಹೊಳಪಿನ ಪೇವರ್ ನೋಡಲು ಹತ್ತಿರವಿದ್ದರೂ, ಹೊಳಪಿನದ್ದು ಒದ್ದೆಯಾದಾಗ ಜಾರುತ್ತದೆ, ಅದರ ಬಣ್ಣದ ತೆಳುಪದರ ಸವೆದು ಒಳಗಿನ ಸಿಮೆಂಟ್ ಇಣುಕುತ್ತದೆ. ಒಂದನ್ನು ಒಡೆಸಿ ಒಳಭಾಗ ನೋಡುವ ಹಕ್ಕು ಕೊಳ್ಳುವವರಿಗಿದೆ. ಮೊದಲ ವರ್ಷ ಕಾಣುವ ಬಿಳಿ ಬೂಷ್ಟಿನಂತಹ ಪುಡಿ ಸಿಮೆಂಟಿನೊಳಗಿನ ಸುಣ್ಣ ಮೇಲೆ ಬಂದು ಗಾಳಿಯೊಡನೆ ಸೇರಿ ಆಗುವಂಥದ್ದು. ಅದು ತಾನಾಗಿ ತಗ್ಗುತ್ತದೆ, ಅವಸರ ಬೇಡ. ಇದರ ನಿಜವಾದ ತೊಂದರೆ ಸಂದಿಗಳದ್ದು: ಇರುವೆ ಮರಳನ್ನು ಮೇಲೆ ತಂದು ಹಾಕುತ್ತದೆ, ಗರಿಕೆ ಇಣುಕುತ್ತದೆ, ಕೊನ್ನಾರಿ ಎಂಬ ಕಳೆಯ ಗಡ್ಡೆಯಿದ್ದ ಜಾಗವಾದರೆ ಮೊದಲ ಮಳೆಗೇ ಅದರ ಸೂಜಿಯಂತಹ ಮೊಳಕೆ ಸಾಲುಗಟ್ಟುತ್ತದೆ. ಹಾಸುವ ಮೊದಲು ಅರ್ಧ ಅಡಿ ಮಣ್ಣು ಅಗೆದು ಗಡ್ಡೆಗಳನ್ನು ಆರಿಸಿ ತೆಗೆಯುವುದೇ ಇದಕ್ಕಿರುವ ಗಟ್ಟಿ ಉಪಾಯ.

ಪಾರ್ಕಿಂಗ್ ಟೈಲ್ಸ್ ವಿಷಯದಲ್ಲಿ ಎರಡು ಮಾತು ಸಾಕು. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ತೂಕದ ಶೇಕಡ 0.5ಕ್ಕಿಂತ ಕಡಿಮೆಯಾದ್ದರಿಂದ ಕಲೆ ಹಿಡಿಯುವುದಿಲ್ಲ. ಒರಟು ಮೇಲ್ಮೈಯ, ಒಳಗೂ ಅದೇ ಬಣ್ಣವಿರುವ ಮಾದರಿಯಾದರೆ ಅಡ್ಡಿಯಿಲ್ಲ. ಆದರೆ ಕೆಳಗೆ ಒಂದಿಂಚು ಟೊಳ್ಳಿದ್ದರೂ ಕಾರಿನ ಚಕ್ರಕ್ಕೆ ಬಿರುಕು ಬಿಡುತ್ತದೆ, ಮತ್ತು ಒರಟುತನಕ್ಕಾಗಿ ಮಾಡಿದ ಆಳದ ಗೆರೆಗಳಲ್ಲಿ ನಮ್ಮ ಕೆಂಪು ಮಣ್ಣಿನ ಧೂಳು ಕೂತರೆ ಬ್ರಷ್ ಹಿಡಿಯದೆ ವಿಧಿಯಿಲ್ಲ.

ಬರಿಯ ಕಾಂಕ್ರೀಟ್ ನೆಲವನ್ನು ಜನ ಬಡವರ ಪಾಲಿನದೆಂದು ಕಡೆಗಣಿಸುತ್ತಾರೆ. ಸರಿಯಾಗಿ ಹಾಕಿದರೆ ಅದು ಟೈಲ್ಸಿಗಿಂತ ಹೆಚ್ಚು ಕಾಲ ತೊಂದರೆ ಕೊಡದ ನೆಲ. ಸಿಮೆಂಟ್, ಮರಳು, ಜಲ್ಲಿಯ 1:1.5:3 ಮಿಶ್ರಣ, 4 ಇಂಚು ದಪ್ಪ, ಸುಮಾರು 8 ಅಡಿಗೊಂದು ಸಂದಿ, ಆ ಸಂದಿಯ ಆಳ ಒಂದಿಂಚು; ಮೇಲ್ಮೈ ಗಟ್ಟಿಯಾಗುವ ಮುನ್ನ ಪೊರಕೆಯಿಂದ ಒಂದೇ ದಿಕ್ಕಿಗೆ ಗೆರೆ ಎಳೆಯಬೇಕು. ಗೋಣಿಚೀಲ ಹೊದಿಸಿ ಕನಿಷ್ಠ 7 ದಿನ, ಬೇಸಿಗೆಯಾದರೆ 10 ದಿನ, ತೇವ ಆರದಂತೆ ಕ್ಯೂರಿಂಗ್ ಮಾಡಬೇಕು. ಹೀಗೆ ಸಂದಿ ಬಿಡದೆ, ನೀರುಣಿಸದೆ ಹಾಕಿದ ಕಾಂಕ್ರೀಟ್ ತನಗೆ ಬೇಕಾದ ಕಡೆ ತಾನೇ ಬಿರುಕು ಬಿಡುತ್ತದೆ. ಹುಣಸೆಹುಳಿ ಮತ್ತು ಎಣ್ಣೆ ಎರಡಕ್ಕೂ ಇದು ಕಲೆಗಟ್ಟುತ್ತದೆ ಎಂಬುದು ನೆನಪಿರಲಿ.

ರೆಡ್ ಆಕ್ಸೈಡ್, ಅಂದರೆ ಕೆಂಪು ಬಣ್ಣ ಬೆರೆಸಿದ ಸಿಮೆಂಟ್ ನೆಲ, ಮನೆಯೊಳಗಿನ ಸೊಬಗು, ಬಯಲಿಗೆ ಬೇಡ. ಮಾಲೂರಿನ ಕಡೆಯ ಸುಟ್ಟ ಮಣ್ಣಿನ ಬಿಲ್ಲೆ ಚೆಂದ, ಆದರೆ ಎಣ್ಣೆಯನ್ನೂ ಪಾಚಿಯನ್ನೂ ಕರೆದು ಕೂರಿಸಿಕೊಳ್ಳುತ್ತದೆ. ಮರದ ಹಲಗೆ ಗೆದ್ದಲಿನ ಪಾಲು. ಪ್ಲಾಸ್ಟಿಕ್ ಹುಲ್ಲು ಬಿಸಿಲಿಗೆ ಕಾಯುತ್ತದೆ, ಧೂಳು ಹಿಡಿದರೆ ಬಿಡುವುದಿಲ್ಲ. ಸಗಣಿ ಸಾರಿಸಿದ ಅಂಗಳದ ತಂಪು ಇವುಗಳಲ್ಲಿ ಯಾವುದಕ್ಕೂ ಇಲ್ಲ, ಆದರೆ ಅದರಷ್ಟು ಆರೈಕೆ ಕೇಳುವ ನೆಲವೂ ಬೇರೊಂದಿಲ್ಲ. ಆ ಆರೈಕೆಯನ್ನು ಯಾರು ಮಾಡುತ್ತಿದ್ದರು ಎಂಬುದು ಎಲ್ಲರಿಗೂ ತಿಳಿದದ್ದೇ.

ಜಲ್ಲಿಯನ್ನು ಮಾತ್ರ ಪೂರ್ತಿ ತಳ್ಳಿಹಾಕಬೇಡಿ. ಓಡಾಡದ ಅಂಚುಗಳಲ್ಲಿ, ಮರದ ಬುಡದಲ್ಲಿ, ಮಳೆನೀರು ಬೀಳುವ ಸೂರಿನ ಕೆಳಗೆ 20 ಮಿಲಿಮೀಟರ್ ಜಲ್ಲಿಯ ಒಂದೂವರೆ ಅಡಿ ಅಗಲದ ಪಟ್ಟಿ ಹಾಕಿದರೆ ಗೋಡೆಗೆ ಕೆಸರು ಸಿಡಿಯುವುದು ತಪ್ಪುತ್ತದೆ, ನೀರು ನೆಲಕ್ಕಿಳಿಯುತ್ತದೆ. 20 ಅಡಿಗೆ 15 ಅಡಿಯ ಅಂಗಳದಲ್ಲಿ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 280 ಲೀಟರ್ ನೀರಾಗುತ್ತದೆ. ಟ್ಯಾಂಕರಿಗೆ ಹಣ ಕೊಡುವವರು ಅದನ್ನು ಮೋರಿಗೆ ಬಿಡುವುದರಲ್ಲಿ ಅರ್ಥವಿಲ್ಲ. ಇಳಿಜಾರಿನ ಕೊನೆಯಲ್ಲಿ ಒಂದು ಇಂಗುಗುಂಡಿ ಮಾಡಿಸಿಕೊಳ್ಳಿ.

ಐದನೆಯ ಹೆಜ್ಜೆ: ತಳ

ಮುಂದೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಹಾಸಿನವಲ್ಲ, ಅದರ ಕೆಳಗಿನ ತಳದವು. ಮನೆ ಕಟ್ಟುವಾಗ ಉಳಿದ ಒಡೆದ ಇಟ್ಟಿಗೆ, ಗಾರೆ ಚೂರು, ಸಿಮೆಂಟ್ ಚೀಲಗಳನ್ನು ಅಂಗಳಕ್ಕೇ ತುಂಬಿ ಮೇಲೆ ಮಣ್ಣು ಹರಡಿರುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಕುಸಿಯುತ್ತದೆ. ಹಾಗಾಗಿ ಅದನ್ನೆಲ್ಲ ತೆಗೆಸಿ, ಒಳ್ಳೆಯ ಕೆಂಪು ಗ್ರಾವೆಲ್ ಮಣ್ಣನ್ನು 6 ಇಂಚಿಗೊಂದು ಪದರದಂತೆ ಹರಡಿ, ನೀರು ಚಿಮುಕಿಸಿ ದಿಮ್ಮಸು ಹೊಡೆಸಬೇಕು. ಬಾಡಿಗೆಗೆ ಸಿಗುವ ಕಂಪನ ಯಂತ್ರವಾದರೆ ಕೆಲಸ ಬೇಗ ಮುಗಿಯುತ್ತದೆ. ಕೆರೆಯ ಗೋಡುಮಣ್ಣು ಹೊಲಕ್ಕೆ ಬಂಗಾರ, ಅಂಗಳದ ತಳಕ್ಕೆ ಶತ್ರು: ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗಿ ಮೇಲಿನ ಹಾಸನ್ನು ಎತ್ತಿ ಇಳಿಸುತ್ತದೆ.

ಇಳಿಜಾರು ಒರಟು ಕಲ್ಲಿಗೂ ಪೇವರಿಗೂ 10 ಅಡಿಗೆ 2 ಇಂಚು, ಟೈಲ್ಸಿಗಾದರೆ ಸುಮಾರು ಒಂದೂಕಾಲು ಇಂಚು. ಇದು ಮೇಲಿನ ಗಾರೆಯಲ್ಲಿ ಹೊಂದಿಸುವಂಥದ್ದಲ್ಲ, ತಳದ ಮಣ್ಣಿನಲ್ಲೇ ಬರಬೇಕು. ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರು ತುಂಬಿದ ಕೊಳವೆ) ಹಿಡಿದು ನಾಲ್ಕೂ ಮೂಲೆಗೆ ಗೂಟ ಹೊಡೆದು ದಾರ ಕಟ್ಟುವವರೆಗೆ ಮೇಸ್ತ್ರಿ ಕೆಲಸ ಆರಂಭಿಸದಂತೆ ನೋಡಿಕೊಳ್ಳಿ. “ಕಣ್ಣಳತೆಯಲ್ಲೇ ಬರುತ್ತೆ ಬಿಡಿ ಸಾರ್” ಎನ್ನುವ ಮಾತಿಗೆ ನಗುತ್ತಲೇ ದಾರವನ್ನು ಮುಂದೆ ಮಾಡಬೇಕು.

ಆರನೆಯ ಹೆಜ್ಜೆ: ಹಾಸುವಾಗ ಎದುರಿಗೆ ನಿಲ್ಲುವುದು

ಚಪ್ಪಡಿಗಾದರೆ ಗಟ್ಟಿ ಮಾಡಿದ ತಳದ ಮೇಲೆ 2 ಇಂಚು ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಹರಡಿ, ಕಲ್ಲಿಟ್ಟು, ನಾಲ್ಕೂ ಮೂಲೆಯ ಮೇಲೆ ನಿಂತು ನೋಡಬೇಕು. ಅಲ್ಲಾಡಿದರೆ ಎತ್ತಿ ಮತ್ತೆ ಕೂರಿಸಬೇಕು. ಕಾರು ಬರುವ ಭಾಗದಲ್ಲಿ ಮಾತ್ರ 3 ಇಂಚಿನ ಪಿಸಿಸಿ, ಅಂದರೆ ಕಂಬಿಯಿಲ್ಲದ ಬರಿಯ ಕಾಂಕ್ರೀಟ್, ಹಾಕಿಸಿ, ಅದರ ಮೇಲೆ ಗಾರೆಯಲ್ಲಿ ಕೂರಿಸುವುದು ಲೇಸು. ಸಂದಿ ಅರ್ಧ ಇಂಚು ಮೀರದಿರಲಿ.

ಪೇವರಿಗೆ 4ರಿಂದ 6 ಇಂಚು ಜಲ್ಲಿ ಮತ್ತು ಜಲ್ಲಿಪುಡಿಯ ಗಟ್ಟಿ ತಳ, ಅದರ ಮೇಲೆ ಒಂದರಿಂದ ಒಂದೂವರೆ ಇಂಚು ಸಡಿಲ ಮರಳು, ಸುತ್ತಲೂ ಕದಲದ ಕಾಂಕ್ರೀಟ್ ಅಂಚು. ಆ ಅಂಚಿಲ್ಲದಿದ್ದರೆ ಇಟ್ಟಿಗೆಗಳು ಹೊರಕ್ಕೆ ಸರಿಯುತ್ತಾ ಸಂದಿ ಬಿಡಿಸಿಕೊಳ್ಳುತ್ತವೆ. ಕೊನೆಗೆ ಒಣ ನುಣ್ಣನೆಯ ಮರಳನ್ನು ಗುಡಿಸಿ ಸಂದಿ ತುಂಬಿ ಯಂತ್ರದಿಂದ ಅದುಮಿಸಬೇಕು. ಇಲ್ಲಿ ಕೆಲವರು ಸಿಮೆಂಟ್ ಹಾಲನ್ನು ಸುರಿಯುತ್ತಾರೆ. ಹಾಗೆ ಮಾಡಿದರೆ ಪೇವರಿನ ಎರಡು ಮುಖ್ಯ ಗುಣಗಳೂ, ಅಂದರೆ ಬಿಡಿಯಾಗಿ ತೆಗೆಯಬಹುದಾದ ಅನುಕೂಲ ಮತ್ತು ಸಂದಿಯಲ್ಲಿ ತುಸು ನೀರು ಇಳಿಯುವ ದಾರಿ, ಒಟ್ಟಿಗೇ ಹೋಗುತ್ತವೆ.

ಟೈಲ್ಸ್ ಆದರೆ ಕೂರಿಸಿದ ಮರುದಿನ ಪ್ರತಿಯೊಂದನ್ನೂ ನಾಣ್ಯದಿಂದ ತಟ್ಟಿ, ಟೊಳ್ಳು ಸದ್ದು ಬಂದುದನ್ನು ಸೀಮೆಸುಣ್ಣದಲ್ಲಿ ಗುರುತಿಸಿ, ಕೂಲಿ ಲೆಕ್ಕ ಚುಕ್ತಾ ಆಗುವ ಮೊದಲೇ ತೆಗೆಸಿ ಹಾಕಿಸಿ.

ಏಳನೆಯ ಹೆಜ್ಜೆ: ಹಾಸಿದ ಮೇಲೆ

ಮಳೆಗಾಲಕ್ಕೆ ಮುಂಚೆ ಒಮ್ಮೆ ಸಂದಿಗಳನ್ನು ನೋಡಿ ಮರಳು ತುಂಬುವುದು, ಮಳೆಗಾಲ ಮುಗಿದ ಮೇಲೆ ನೆರಳಿನ ಭಾಗದ ಪಾಚಿಯನ್ನು ಗಟ್ಟಿ ಬ್ರಷ್ಷಿನಿಂದ ಕೆರೆದು ತಿಳಿಯಾದ ಬ್ಲೀಚಿಂಗ್ ಪೌಡರ್ ನೀರಿನಿಂದ ಒಮ್ಮೆ ತೊಳೆಯುವುದು, ವರ್ಷದ ದೊಡ್ಡ ಕೆಲಸ ಇಷ್ಟೇ. ಬ್ಲೀಚಿಂಗ್ ಪೌಡರನ್ನು ಆಸಿಡ್ಡಿನೊಂದಿಗೆ ಎಂದಿಗೂ ಸೇರಿಸಬಾರದು, ವಿಷಗಾಳಿ ಏಳುತ್ತದೆ. ಎಣ್ಣೆ ಚೆಲ್ಲಿದರೆ ನೀರು ಹಾಕದೆ ಮೊದಲು ಮರದ ಹೊಟ್ಟನ್ನೋ ಒಣ ಸಿಮೆಂಟನ್ನೋ ಎರಚಿ ರಾತ್ರಿಯಿಡೀ ಬಿಟ್ಟು ಗುಡಿಸಿ ತೆಗೆಯಿರಿ. ಹುಣಸೆ, ಸಂಡಿಗೆ ಒಣಗಿಸಲು ಚಾಪೆಯನ್ನೋ ಟಾರ್ಪಾಲನ್ನೋ ಹಾಸುವುದು ಯಾವ ನೆಲಕ್ಕೂ ಒಳ್ಳೆಯದು.

ಕೊಳ್ಳುವಾಗಲೇ ಶೇಕಡ 5ರಿಂದ 10ರಷ್ಟು ಹೆಚ್ಚು ತರಿಸಿ. ಉಳಿದ ಚಪ್ಪಡಿಗಳನ್ನು ಮಲಗಿಸದೆ ಕಾಂಪೌಂಡಿಗೆ ಒರಗಿಸಿ ಅಂಚಿನ ಮೇಲೆ ನಿಲ್ಲಿಸಿಡಿ. ಟೈಲ್ಸ್ ಆದರೆ ಡಬ್ಬಿಯ ಮೇಲಿರುವ ಬ್ಯಾಚ್ ಮತ್ತು ಶೇಡ್ ಸಂಖ್ಯೆಯನ್ನು ಹರಿಯದಂತೆ ಕತ್ತರಿಸಿ, ಸಂಪು ಮತ್ತು ಪೈಪುಗಳ ಅಳತೆ ಬರೆದ ಆ ಮೊದಲ ಹಾಳೆಯ ಜೊತೆಗೇ ಮನೆಪತ್ರಗಳ ಕವರಿನಲ್ಲಿ ಇಟ್ಟುಬಿಡಿ.